ಜಾಡುಗನ್ನಡಿ ಮತ್ತು ಗುಬ್ಬಿ ಎಂಜಲು

ಪ್ರಾರ್ಥನೆಯ ಗಂಟೆ ಬಾರಿಸುವ ಮೊದಲು ಶಾಲೆಯ ಗೇಟಿನ ಬಳಿ ಮಕ್ಕಳು ಸಾಲಾಗಿ ನಿಂತು, ಒಬ್ಬರಾದ ಮೇಲೆ ಒಬ್ಬರು ಕನ್ನಡಿಯ ಮುಂದೆ ಬಾಯಿ ತೆರೆದು "ಹಾ" ಎನ್ನುತ್ತಿದ್ದರು. ನೋಡುವುದಕ್ಕೆ ಅದು ಕ್ಷೌರದ ಅಂಗಡಿಯ ಗೋಡೆಯಲ್ಲಿ ಇರುವಂಥ ಸಾಧಾರಣ ಕನ್ನಡಿ. ಮಗುವಿನ ಉಸಿರು ತಾಗಿ ಗಾಜಿನ ಮೇಲೆ ಮಂಜು ಕೂರುತ್ತಿತ್ತು; ಮರುಕ್ಷಣ ಆ ಮಂಜು ಹಸಿರಾಗುತ್ತಿತ್ತು. ಹಸಿರು ಬಂದ ಮಗು ಚೀಲ ಎತ್ತಿಕೊಂಡು ಒಳಗೆ ಓಡುತ್ತಿತ್ತು. ಇಂಚರಾಳ ಸರದಿ ಬಂದಾಗ ಮಂಜು ಕೆಂಪಾಯಿತು.

ಸಾಲಿನಲ್ಲಿದ್ದ ಯಾರಿಗೂ ಆಶ್ಚರ್ಯವಾಗಲಿಲ್ಲ. ಎಂಟು ವರ್ಷದ ಇಂಚರಾ ಎರಡು ಸಲ ಕಣ್ಣು ಪಿಳುಕಿಸಿ, ಬಲಭುಜವನ್ನು ಕಿವಿಯ ತನಕ ಜಗ್ಗಿ ಬಿಟ್ಟು, ವರಾಂಡದ ಕೊನೆಯಲ್ಲಿದ್ದ ಕೆಂಪು ಬಣ್ಣದ ಬೆಂಚಿನ ಕಡೆಗೆ ತಾನಾಗಿಯೇ ನಡೆದಳು. ಕಿಟಕಿಯ ಹೊರಗಿನ ಆ ಬೆಂಚಿನ ಮೇಲೆ ಕೂತೇ ಅವಳು ಒಳಗಿನ ಪಾಠ ಕೇಳಬೇಕು. ಹೀಗೆಂದು ನಿಯಮ ಮಾಡಿದವರು ಕನ್ನಡಿಯನ್ನು ಕಂಡುಹಿಡಿದ ಡಾಕ್ಟರ್ ಶ್ರೀಪಾದ ಇನಾಮತಿಯವರು. ಆ ಬೆಂಚಿನ ಮೇಲೆ ಇಬ್ಬರು ಕೂರುವಷ್ಟು ಜಾಗವಿತ್ತು, ಆದರೆ ಈ ವರ್ಷವಿಡೀ ಅಲ್ಲಿ ಇಂಚರಾಳ ಜೊತೆಗೆ ಯಾರೂ ಹೆಚ್ಚು ದಿನ ಕೂರಲಿಲ್ಲ. ಬೇರೆ ಮಕ್ಕಳು ಔಷಧಿ ಕುಡಿದು ಹಸಿರಾಗಿ ಒಳಗೆ ಹೋಗಿಬಿಡುತ್ತಿದ್ದರು.

ಗೇಟಿನ ಹೊರಗೆ ಅವಳ ತಾಯಿ ದಾಕ್ಷಾಯಿಣಿ ನಿಂತು ನೋಡುತ್ತಿದ್ದಳು. ಮಗಳಿಗೆ ಕಾಯಿಲೆ ಇದೆ ಎನ್ನುವುದಕ್ಕಿಂತ, ಮಗಳು ಆ ಬೆಂಚಿಗೆ ಇಷ್ಟು ಸಲೀಸಾಗಿ ನಡೆದುಹೋಗುತ್ತಾಳೆ ಎನ್ನುವುದೇ ಅವಳನ್ನು ಹೆಚ್ಚು ಸುಡುತ್ತಿತ್ತು. ಆಕೆ ನೆಟ್ಟಗೆ ಶಾಲೆಯೊಳಗಿನ ಡಾಕ್ಟರ ಕೋಣೆಗೆ ನುಗ್ಗಿದಳು.

ಇಷ್ಟಕ್ಕೂ ಆಗಿದ್ದಿಷ್ಟು. ಎರಡು ವರ್ಷದ ಹಿಂದೆ ಇಂಚರಾಳಿಗೆ ಗಂಟಲು ನೋವು ಬಂದು ಜ್ವರ ಕಾಯಿತು. ಜ್ವರ ಬಿಟ್ಟಿತು, ಅದರ ಬೆನ್ನಿಗೇ ಕಣ್ಣು ಪಿಳುಕಿಸುವುದು, ಭುಜ ಜಗ್ಗುವುದು, ಗಂಟಲಲ್ಲಿ 'ಹ್ಮ್ಕ್' ಎಂದು ಸದ್ದು ಮಾಡುವುದು ಶುರುವಾಯಿತು. ಬೇಡವೆಂದರೂ ನಿಲ್ಲದು, ಬೈದರೆ ಇನ್ನೂ ಜಾಸ್ತಿ. ಇಂಥ ತಡೆಯಲಾಗದ ಚಲನೆಗೆ ಇನಾಮತಿಯವರು 'ಮಿಡುಕು' ಎಂದು ಹೆಸರಿಟ್ಟಿದ್ದರು. ಗಂಟಲಿನಲ್ಲಿ ಮನೆ ಮಾಡುವ ಒಂದು ಜಾತಿಯ ಸೂಕ್ಷ್ಮಾಣುವನ್ನು, ಅಂದರೆ 'ಗಂಟಲಾಣು'ವನ್ನು, ಹೊಡೆಯಲು ನಮ್ಮ ಮೈ ಒಂದು ಪಡೆಯನ್ನು ತಯಾರು ಮಾಡುತ್ತದೆ. ಕೆಲವು ಮಕ್ಕಳಲ್ಲಿ ಮಾತ್ರ ಆ ಪಡೆಗೆ ಗುರುತು ತಪ್ಪಿ, ಶತ್ರುವನ್ನು ಬಿಟ್ಟು ಮಿದುಳಿನೊಳಗೆ ಚಲನೆಯನ್ನು ಹದವಾಗಿಡುವ ಭಾಗದ ಮೇಲೇ ಏರಿಹೋಗುತ್ತದೆ ಎನ್ನುವುದು ಅವರ ವಾದ. ಇದನ್ನು ಎಲ್ಲ ವೈದ್ಯರೂ ಒಪ್ಪಿರಲಿಲ್ಲ. ಮಕ್ಕಳ ಮಿಡುಕು ತಾನಾಗಿ ಬರುತ್ತದೆ, ಬಹಳ ಸಲ ತಾನಾಗಿಯೇ ಹೋಗುತ್ತದೆ, ಆ ಹೊತ್ತಿಗೆ ಪಕ್ಕದಲ್ಲಿ ನಿಂತಿದ್ದ ಡಾಕ್ಟರಿಗೆ ಹೆಸರು ಬರುತ್ತದೆ ಎಂದು ನಗುವವರೂ ಇದ್ದರು. ಅವರ ಬಾಯಿ ಮುಚ್ಚಿಸುವುದಕ್ಕೆಂದೇ ಇನಾಮತಿಯವರು ಹದಿನೈದು ವರ್ಷ ಕೂತು ಗೇಟಿನ ಈ ಜಾಡುಗನ್ನಡಿಯನ್ನು ಕಟ್ಟಿದ್ದರು.

"ಮೂರು ಸಲ ಔಷಧ ಮುಗಿಸೀವ್ರಿ ಡಾಕ್ಟರ. ಒಂದು ಹೊತ್ತು ತಪ್ಪಿಸಿಲ್ಲ. ಎಂಟು ದಿನ ಹಸರ ಇರ್ತೈತಿ, ಮತ್ತ ಕೆಂಪ. ನಿಮ್ಮ ಕನ್ನಡೀನ ಕೆಟ್ಟೈತೋ ಏನೋ ನೋಡ್ರಿ," ಎಂದಳು ದಾಕ್ಷಾಯಿಣಿ.

ಇನಾಮತಿಯವರು ಸಿಟ್ಟಾಗಲಿಲ್ಲ. ಕನ್ನಡಿಯ ಬಗ್ಗೆ ಮಾತಾಡುವ ಅವಕಾಶ ಸಿಕ್ಕರೆ ಅವರು ಬೈಗುಳವನ್ನೂ ಪ್ರಶ್ನೆಯೆಂದೇ ತಿಳಿಯುತ್ತಿದ್ದರು. "ಕೂಡ್ರಿ ತಾಯಿ. ಕನ್ನಡಿ ಕೆಟ್ಟಿಲ್ಲ. ಈ ಗಂಟಲಾಣು ಒಂದು ಗಂಟಲದಿಂದ ಇನ್ನೊಂದು ಗಂಟಲಕ್ಕ ಹೋಗೂ ಮುಂದ ಸ್ವಲ್ಪ ಸ್ವಲ್ಪ ಬದಲಾಗ್ತದ. ಅಜ್ಜನ ಮೂಗು ಮೊಮ್ಮಗನಿಗೆ ಬಂದಿರ್ತದಲ್ಲ, ಹಂಗ. ಅದನ್ನ ಓದಿ, ಯಾರಿಂದ ಯಾರಿಗೆ ಹೋತು ಅನ್ನೋ ಜಾಡು ಹೇಳ್ತದ ನನ್ನ ಕನ್ನಡಿ. ನಿಮ್ಮ ಮಗಳದು ಪ್ರತಿ ಸಲ ಅದೇ ವಂಶ. ಔಷಧ ಕುಡದು ಆಕಿ ಶುದ್ಧ ಆಗ್ತಾಳ, ಯಾರೋ ಹತ್ತಿರದವರು ಮತ್ತ ಹಚ್ಚತಾರ."

"ಯಾರಿಗೂ ಗಂಟಲ ನೋವಿಲ್ಲಲ್ರಿ ಮನ್ಯಾಗ."

"ನೋವು ಇರಬೇಕಂತಿಲ್ಲ. ಸುಮ್ಮನ ಹೊತಗೊಂಡು ತಿರಗತಿರ್ತಾರ. ಎಂಜಲ ಗಿಂಜಲ ತಿನ್ನೂದು ಅದ ಏನು ಮನ್ಯಾಗ?"

ದಾಕ್ಷಾಯಿಣಿಯ ಮುಖ ಕೆಂಪಾಯಿತು. "ಏನ್ ಮಾತಂತ ಆಡ್ತೀರಿ! ನೀವು ಹೇಳಿದ ದಿನದಿಂದ ಕೂಸಿನ ತಾಟ ಬ್ಯಾರೆ, ಲೋಟ ಬ್ಯಾರೆ. ನೀರು ಕಾಸೇ ಕೊಡ್ತೀನಿ. ಒಂದು ವರ್ಷ ಆತು ನೋಡ್ರಿ, ಆಕಿ ತಾಟಿನ್ಯಾಗ ನಾ ಕೈ ಹಾಕಿ." ಕೊನೆಯ ಮಾತು ಹೇಳುವಾಗ ಅವಳ ದನಿ ಸ್ವಲ್ಪ ಇಳಿಯಿತು. ಮಗಳು ತಿಂದು ಬಿಟ್ಟ ರೊಟ್ಟಿಯ ಚೂರನ್ನು ತಾನು ಬಾಯಿಗೆ ಹಾಕಿಕೊಳ್ಳುವುದು, ತನ್ನ ತುತ್ತಿನಲ್ಲಿ ಅರ್ಧ ಮಗಳಿಗೆ ತಿನ್ನಿಸುವುದು ಎಲ್ಲ ಆ ಒಂದು ವರ್ಷದಲ್ಲಿ ನಿಂತುಹೋಗಿತ್ತು.

"ಒಂದೇ ಸೂರಿನ ಕೆಳಗ ಎಷ್ಟು ಮಂದಿ ಇರ್ತೀರಿ?"

"ಮೂರ ಮಂದಿ," ಎಂದಳು ದಾಕ್ಷಾಯಿಣಿ. ಡಾಕ್ಟರು ಕಾಯುತ್ತಲೇ ಇದ್ದುದರಿಂದ, "ಆಚೆ ಕಡೆ ಇನ್ನ ಮೂರು ಮಂದಿ ಅದಾರ. ಅವರ ಕೂಡ ನಮಗ ಮಾತಿಲ್ಲ, ಕತಿಯಿಲ್ಲ," ಎಂದು ಸೇರಿಸಿದಳು.

ಆಚೆ ಕಡೆಯವರೆಂದರೆ ದಾಕ್ಷಾಯಿಣಿಯ ಗಂಡ ಶಂಭುವಿನ ಅಣ್ಣ ಮಲ್ಲೇಶ, ಅವನ ಹೆಂಡತಿ ಕಸ್ತೂರಿ, ಹೈಸ್ಕೂಲಿಗೆ ಹೋಗುವ ಮಗ ಸಮರ್ಥ. ಧಾರವಾಡದ ಆ ಹಳೆಯ ಮನೆಯಲ್ಲಿ ಆರು ಜನರೂ ಮೊದಲು ಒಂದೇ ಒಲೆಯಲ್ಲಿ ಬೇಯಿಸಿಕೊಂಡು ಚೆನ್ನಾಗಿಯೇ ಇದ್ದರು. ಕಸ್ತೂರಿಗೆ ಚಿಕ್ಕಂದಿನಿಂದಲೂ ಕಣ್ಣಿನ ಪಸೆ ಆರುವ ತೊಂದರೆ. ಮಾತಾಡುವಾಗ ರೆಪ್ಪೆ ಪಟಪಟ ಬಡಿಯುತ್ತಿತ್ತು. ಶಾಲೆಯಲ್ಲಿ ಹುಡುಗಿಯರು ಅದನ್ನು ಅಣಕಿಸಿದ್ದನ್ನು ಅವಳು ಮರೆತಿರಲಿಲ್ಲ. ಒಂದು ದಿನ ನೆಂಟರ ಮುಂದೆ ಏನೋ ಸುದ್ದಿ ಹೇಳುತ್ತಿದ್ದಾಗ, ಎದುರಿಗೆ ಕೂತ ಇಂಚರಾ ಅವಳಂತೆಯೇ ಕಣ್ಣು ಪಿಳುಕಿಸಿದಳು. ನೆಂಟರಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಮಿಡುಕು ಶುರುವಾಗಿ ಇನ್ನೂ ವಾರವೂ ಆಗಿರಲಿಲ್ಲ. ಅದು ಏನೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. "ಇದನ್ನ ಯಾರು ಕಲಿಸಿ ಕಳಿಸ್ಯಾರ ಅನ್ನೂದು ನನಗ ತಿಳೀತೈತಿ," ಎಂದಳು ಕಸ್ತೂರಿ. "ಕಲಸೂದ್ಯಾಕ? ದಿನಾ ಕಂಡದ್ದನ್ನ ಕೂಸು ಮಾಡ್ತೈತಿ," ಎಂದುಬಿಟ್ಟಳು ದಾಕ್ಷಾಯಿಣಿ.

ಬಾಯಿಂದ ಬಿದ್ದ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಯಂತ್ರವನ್ನು ಯಾವ ಇನಾಮತಿಯವರೂ ಕಂಡುಹಿಡಿದಿರಲಿಲ್ಲ. ವಾರದೊಳಗೆ ಅಡುಗೆಮನೆಯ ನಡುವೆ ಪ್ಲೈವುಡ್ ಹಲಗೆ ಎದ್ದು ನಿಂತಿತು. ಆಚೆಯವರ ನೀರು ಈಚೆಯವರು ಮುಟ್ಟಬಾರದು, ಈಚೆಯವರ ನೆರಳು ಆಚೆ ಬೀಳಬಾರದು. ಇಂಚರಾಳದು ಕಾಯಿಲೆ ಎಂದು ಮುಂದೆ ತಿಳಿದಾಗ ಕಸ್ತೂರಿಗೆ ನಾಚಿಕೆಯಾಗಿರಲಿಕ್ಕೂ ಸಾಕು, ಆದರೆ ಅಷ್ಟು ಹೊತ್ತಿಗೆ ಹಲಗೆಗೆ ಬಣ್ಣವೂ ಬಳಿದಾಗಿತ್ತು.

"ಆರೂ ಮಂದೀನ ಕರಕೊಂಡ ಬರ್ರಿ," ಎಂದರು ಇನಾಮತಿಯವರು. "ಇಲ್ಲಾಂದ್ರ ಕೂಸು ಬೆಂಚಿನ ಮ್ಯಾಲೇ ಕೂಡ್ರಬೇಕಾಗ್ತದ."

ಬೆಂಚಿನ ಹೆಸರು ಕೇಳಿದ ಮೇಲೆ ದಾಕ್ಷಾಯಿಣಿ ಅಭಿಮಾನ ನುಂಗಿದಳು. ತಾನು ಬಾಯಿ ಬಿಡಲಿಲ್ಲ, ಗಂಡನ ಕೈಲಿ ಹೇಳಿಸಿದಳು. ಬರದಿದ್ದರೆ ಹೆದರಿದಳು ಎಂದಾರು ಎಂದುಕೊಂಡು ಕಸ್ತೂರಿಯೂ ಬಂದಳು.

ರವಿವಾರ ಶಾಲೆ ಖಾಲಿಯಿತ್ತು. ಆರು ಜನರೂ ಕನ್ನಡಿಯ ಮುಂದೆ "ಹಾ" ಎಂದು ಹೋದ ಮೇಲೆ ಇನಾಮತಿಯವರು ಗೋಡೆಯ ಮೇಲೆ ಜಾಡಿನ ಚಿತ್ರವನ್ನು ಬೆಳಗಿಸಿದರು. ಒಂದೊಂದು ಗಂಟಲಿಗೆ ಒಂದೊಂದು ಚುಕ್ಕೆ; ಗಂಟಲಾಣು ಹೋದ ದಾರಿಗೆ ಒಂದೊಂದು ಎಳೆ. ನಾಲ್ಕು ಕೆಂಪು ಚುಕ್ಕೆಗಳು ಕಂಡವು. ಇಂಚರಾಳಿಗೂ ಸಮರ್ಥನಿಗೂ ನಡುವೆ ಎಳೆ ಎಷ್ಟು ಸಲ ಹೋಗಿ ಬಂದಿತ್ತೆಂದರೆ ಅದು ಹಗ್ಗದಷ್ಟು ದಪ್ಪವಾಗಿತ್ತು. ಅದಕ್ಕಿಂತ ಸ್ವಲ್ಪ ತೆಳುವಾದ ಇನ್ನೊಂದು ಹಗ್ಗ ಮಲ್ಲೇಶನಿಂದ ಶಂಭುವಿಗೆ ಹೋಗಿತ್ತು; ಸಮರ್ಥನಿಂದ ಅವನ ಅಪ್ಪನಿಗೆ ಹೋದ ಸಣ್ಣ ಎಳೆಯೊಂದು ಎರಡೂ ಹಗ್ಗಗಳನ್ನು ಸೇರಿಸಿತ್ತು.



"ಇದೇನಿದು?" ಎಂದು ದಾಕ್ಷಾಯಿಣಿ ಗಂಡನ ಕಡೆ ತಿರುಗಿದಳು. "ಮಾತಿಲ್ಲ ಅಂತಿದ್ರಲ್ಲ?"

ಶಂಭು ಛಾವಣಿಯ ಪಂಖವನ್ನು ನೋಡಿದ. ಕೊನೆಗೆ ಬಾಯಿಬಿಟ್ಟವನು ಮಲ್ಲೇಶ. "ಮಾತ ಆಡೂದಿಲ್ಲ ತಂಗಿ, ಖರೇನ. ದಿನಾ ಸಂಜೀಕೆ ಬಸ್ ಸ್ಟ್ಯಾಂಡಿನ ಕಟ್ಟಿ ಮ್ಯಾಲೆ ಕೂತು ಎಲಿ ಹಾಕ್ಕೋತೀವಿ, ಅಷ್ಟ. ನಮ್ಮಪ್ಪ ಇದ್ದಾಗಿನ ರೂಢಿ. ಅಡಕಿ ಭಾಳ ಗಟ್ಟಿ ಇರ್ತೈತಿ, ತಮ್ಮನ ಹಲ್ಲು ಸರಿಯಿಲ್ಲ. ನಾ ಕಡದು ಅರ್ಧ ಕೊಡ್ತೀನಿ."

"ಎರಡು ವರ್ಷದಿಂದ?" ಎಂದಳು ಕಸ್ತೂರಿ, ರೆಪ್ಪೆ ಬಡಿಯುತ್ತ. ಮಲ್ಲೇಶನೂ ಪಂಖ ನೋಡಿದ.

ಇನಾಮತಿಯವರಿಗೆ ಮಕ್ಕಳ ಹಗ್ಗದ ಮೇಲೆಯೇ ಕಣ್ಣು. ಅವರು ಇಂಚರಾಳ ಮುಂದೆ ಮೊಣಕಾಲೂರಿ ಕೂತರು. "ಪುಟ್ಟಿ, ನಾ ನಿನಗ ಎಷ್ಟು ಸಲ ಕೇಳೀನಿ, ಯಾರದರೇ ಎಂಜಲ ತಿಂತೀ ಏನು ಅಂತ? ಇಲ್ಲ ಅಂದಿಯಲ್ಲ?"

"ಎಂಜಲ ತಿನ್ನೂದಿಲ್ರಿ," ಎಂದಳು ಇಂಚರಾ. ಭುಜ ಒಮ್ಮೆ ಮೇಲೆ ಹೋಗಿ ಬಂತು. "ಹಿತ್ತಲದಾಗ ಪೇರಲ ಗಿಡ ಐತಿ. ಸಮರ್ಥಣ್ಣ ಹಣ್ಣ ಹರೀತಾನ. ಗುಬ್ಬಿ ಎಂಜಲ ಮಾಡಿ ಅರ್ಧ ಅರ್ಧ ತಿಂತೀವಿ."

"ಹಂಗಂದ್ರ ಎಂಜಲ ಆತಲ್ಲವ್ವ!"

"ಅಲ್ರಿ, ಗುಬ್ಬಿ ಎಂಜಲ. ಅಂಗಿಯೊಳಗ ಸುತ್ತಿ ಕಡೀತೀವಿ. ಬಾಯಿ ಹತ್ತೂದಿಲ್ಲ." ಡಾಕ್ಟರಾಗಿ ಇಷ್ಟೂ ತಿಳಿಯದೇ ಎನ್ನುವಂತೆ ಅವಳು ಅವರನ್ನು ನೋಡಿದಳು.

ಇನಾಮತಿಯವರು ಮೆಲ್ಲಗೆ ಎದ್ದರು. ಅವರೂ ಇದೇ ಊರಿನಲ್ಲಿ ಹುಟ್ಟಿದವರು. ಪೆಪ್ಪರಮೆಂಟನ್ನು ಅಂಗಿಯ ತುದಿಯಲ್ಲಿ ಸುತ್ತಿ, ಕಟಕ್ಕೆಂದು ಕಡಿದು, ಅರ್ಧವನ್ನು ಗೆಳೆಯನಿಗೆ ಕೊಟ್ಟದ್ದು ಅವರಿಗೂ ನೆನಪಿತ್ತು. ಹದಿನೈದು ವರ್ಷದ ಸಂಶೋಧನೆಯಲ್ಲಿ ಸೀನು, ಕೆಮ್ಮು, ಲೋಟ, ತಟ್ಟೆ, ಬಸ್ಸಿನ ಸರಳು ಎಲ್ಲದರ ಲೆಕ್ಕ ಹಿಡಿದಿದ್ದರು. ಅಂಗಿಯ ತುದಿಯೊಂದು ಬಿಟ್ಟುಹೋಗಿತ್ತು. ಬಟ್ಟೆಯ ನೇಯ್ಗೆಯ ಸಂದಿಯಲ್ಲಿ ಗಂಟಲಾಣುಗಳು ಬಾಜಾಭಜಂತ್ರಿ ಸಮೇತ ಮೆರವಣಿಗೆ ಹೋಗಬಹುದು. ಆದರೆ ಎಂಜಲು ತಿನ್ನುತ್ತೀಯಾ ಎಂದು ಕೇಳಿದರೆ ಈ ನಾಡಿನ ಯಾವ ಮಗುವೂ ಪ್ರಾಮಾಣಿಕವಾಗಿ ಇಲ್ಲವೆಂದೇ ಹೇಳುತ್ತದೆ.

ಅವರು ಬೇಗ ಚೇತರಿಸಿಕೊಂಡರು. "ಒಂದು ಸಂತೋಷದ ವಿಷಯ ಅದ. ಈ ಎರಡು ಹಸಿರು ಚುಕ್ಕಿ ನೋಡ್ರಿ. ತಾಯಿ, ನೀವೊಬ್ಬರು. ಮತ್ತ ಕಸ್ತೂರಿಬಾಯಾರು. ಯಾವ ಎಳಿನೂ ನಿಮ್ಮ ತನಕಾ ಬಂದಿಲ್ಲ. ಪೂರ್ಣ ಶುದ್ಧ! ಇಷ್ಟು ಕಟ್ಟುನಿಟ್ಟು ಇದ್ದವರನ್ನ ನಾ ನೋಡೇ ಇಲ್ಲ. ಅಭಿನಂದನೆ."

ದಾಕ್ಷಾಯಿಣಿ ಗೋಡೆಯನ್ನು ನೋಡಿದಳು. ನಾಲ್ಕು ಕೆಂಪು ಚುಕ್ಕೆಗಳು ಹಗ್ಗ ಕಟ್ಟಿಕೊಂಡು ಒಟ್ಟಿಗಿದ್ದವು. ಎರಡು ಹಸಿರು ಚುಕ್ಕೆಗಳು ಎರಡು ಮೂಲೆಯಲ್ಲಿ ಬೇರೆಬೇರೆಯಾಗಿ ಮಿನುಗುತ್ತಿದ್ದವು. ಇಷ್ಟು ದಿನ ಅವಳು ಗಂಡ, ಮಗಳು, ತಾನು ಒಂದು ಕಡೆ ಎಂದುಕೊಂಡಿದ್ದಳು. ಆ ಕಡೆಯಲ್ಲಿ ತನ್ನನ್ನು ಬಿಟ್ಟರೆ ಯಾರೂ ಇರಲೇ ಇಲ್ಲ. ಅಳು ಬಂತು, ಕಸ್ತೂರಿಯ ಮುಂದೆ ಅಳಬಾರದೆಂದು ತಡೆದಳು. ಓರೆಗಣ್ಣಿನಿಂದ ನೋಡಿದರೆ ಕಸ್ತೂರಿಯೂ ತನ್ನ ಒಂಟಿ ಹಸಿರು ಚುಕ್ಕೆಯನ್ನೇ ನೋಡುತ್ತಿದ್ದಳು.

ಡಾಕ್ಟರ ಮಾತು ಇನ್ನೂ ಮುಗಿದಿರಲಿಲ್ಲ. ನಾಲ್ವರೂ ಒಂದೇ ದಿನ ಔಷಧಿ ಶುರು ಮಾಡಬೇಕು, ಇಲ್ಲದಿದ್ದರೆ ಗಂಟಲಾಣು ಒಬ್ಬರಿಂದ ಒಬ್ಬರಿಗೆ ಚೆಂಡಾಡುತ್ತದೆ. ಔಷಧಿ ಮುಗಿಯುವ ತನಕ ಕೆಂಪಿನವರು ಯಾರೂ ಅಡುಗೆಯ ಪಾತ್ರೆಗೂ ನೀರಿನ ಕೊಡಕ್ಕೂ ಕೈ ಹಾಕುವಂತಿಲ್ಲ. ಅಡುಗೆ ಮಾಡಿ ಬಡಿಸುವುದು, ಔಷಧಿ ಅಳೆದು ಕುಡಿಸುವುದು ಎಲ್ಲ ಹಸಿರಿನವರ ಕೆಲಸ. "ಎರಡು ಒಲಿ ಬ್ಯಾಡ. ಒಂದ ಅಡಗಿ, ಒಂದ ಕಡೆ. ಇಬ್ಬರೂ ಕೂಡಿ ಮಾಡ್ರಿ, ಒಬ್ಬರ ಮ್ಯಾಲೆ ಒಬ್ಬರು ಕಣ್ಣಿಡ್ರಿ. ನಿಮ್ಮಂಥ ಕಾವಲು ಎಲ್ಲಿ ಸಿಗ್ತದ?"

ಹೀಗೆ, ಎರಡು ವರ್ಷ ಜಗಳವನ್ನು ನಿಷ್ಠೆಯಿಂದ ಕಾಪಾಡಿದ ಇಬ್ಬರನ್ನೇ ಆರಿಸಿ ವಿಜ್ಞಾನ ಒಂದೇ ಅಡುಗೆಮನೆಗೆ ನೂಕಿತು. ಕದ್ದು ಕೂಡಿದ್ದವರು ಪಡಸಾಲೆಯಲ್ಲಿ ಬೇರೆಬೇರೆ ಚಾಪೆ ಹಾಸಿಕೊಂಡು ಕೂತರು.

ಮರುದಿನ ಬೆಳಿಗ್ಗೆ ಶಂಭು ಪ್ಲೈವುಡ್ ಹಲಗೆ ಬಿಚ್ಚಿದ. ದಾಕ್ಷಾಯಿಣಿ ಹಿಟ್ಟು ನಾದಿದಳು, ಕಸ್ತೂರಿ ಹಂಚು ಕಾಯಿಸಿದಳು. ಒಬ್ಬಳು ಬಡಿದಿಟ್ಟ ರೊಟ್ಟಿಯನ್ನು ಇನ್ನೊಬ್ಬಳು ಎತ್ತಿ ಹಂಚಿಗೆ ಹಾಕುತ್ತಿದ್ದಳು. ರೊಟ್ಟಿ ಬಡಿಯುವ ಸದ್ದು ಬಿಟ್ಟರೆ ಮಾತಿಲ್ಲ. ಔಷಧಿ ಕುಡಿಯಲು ಕರೆದಾಗ ಇಂಚರಾ ಹಿತ್ತಲ ಬಾಗಿಲಿನಿಂದ ಬಂದಳು. ಕೈಯಲ್ಲಿ ಒಂದು ಪೇರಲ ಹಣ್ಣು. ದೋರೆಗಾಯಿ, ಒಳಗೆ ಕೆಂಪು ಇರುವ ಜಾತಿಯದು. ಅವ್ವನ ಕಡೆ ನೋಡಿದಳು, ದೊಡ್ಡವ್ವನ ಕಡೆ ನೋಡಿದಳು, ಕಣ್ಣು ಪಿಳುಕಿಸಿದಳು. ಕಸ್ತೂರಿಯ ಕಣ್ಣೂ ಅದೇ ಹೊತ್ತಿಗೆ ಪಟಪಟ ಬಡಿಯಿತು.

ಇಂಚರಾ ಗಾಬರಿಯಾಗಿ ಖಾಲಿ ಕೈಯಿಂದ ಕಣ್ಣು ಮುಚ್ಚಿಕೊಂಡಳು. "ಅಣಕಸಲಿಲ್ಲ ದೊಡ್ಡವ್ವ. ತಾನಽ ಆಗ್ತೈತಿ."

ಕಸ್ತೂರಿಯ ಕೈಯಲ್ಲಿದ್ದ ರೊಟ್ಟಿ ಹಂಚಿನ ಮೇಲೆ ಅಡ್ಡಾದಿಡ್ಡಿ ಬಿತ್ತು. "ನನಗೂ ತಾನಽ ಆಗ್ತೈತವ್ವ," ಎಂದಳು.

ದಾಕ್ಷಾಯಿಣಿ ಪರಾತದಲ್ಲಿದ್ದ ಹಿಟ್ಟನ್ನೇ ನೋಡುತ್ತ, "ಅವತ್ತ ನಾ ಹಂಗ ಅನಬಾರದಿತ್ತು ಅಕ್ಕಾ," ಎಂದಳು. ಎರಡು ವರ್ಷದಿಂದ ನಾಲಿಗೆಯ ತುದಿಯಲ್ಲೇ ಇದ್ದ ಮಾತು ಅದು. ಹೇಳಿ ಮುಗಿಸಿದಾಗ ಅವಳಿಗೇ ಆಶ್ಚರ್ಯವಾಯಿತು.

ದೊಡ್ಡವರ ಮುಖ ನೋಡಿದ ಇಂಚರಾಳಿಗೆ ಈಗ ಏನಾದರೂ ಕೊಡಬೇಕು ಅನ್ನಿಸಿತು. ಕೊಡುವುದಕ್ಕೆ ಇದ್ದದ್ದು ಒಂದೇ ಹಣ್ಣು. ಫ್ರಾಕಿನ ತುದಿಯಲ್ಲಿ ಅದನ್ನು ಸುತ್ತಿ, ಹಲ್ಲೂರಿ ಕಡಿದು, ಅರ್ಧವನ್ನು ಅವ್ವನ ಕಡೆ, ಅರ್ಧವನ್ನು ದೊಡ್ಡವ್ವನ ಕಡೆ ಚಾಚಿದಳು. ಔಷಧಿಯ ಶೀಸೆಯ ಮುಚ್ಚಳವನ್ನು ಇನ್ನೂ ತೆಗೆದಿರಲಿಲ್ಲ.

ಇಬ್ಬರಿಗೂ ಡಾಕ್ಟರ ಮಾತು ನೆನಪಿತ್ತು. ದಾಕ್ಷಾಯಿಣಿ ಯೋಚಿಸಿದಳು: ಕಸ್ತೂರಿ ತಿಂದು, ಹೆತ್ತ ತಾಯಿಯಾದ ತಾನೇ ಒಲ್ಲೆನೆಂದರೆ ಮಗಳು ಏನಂದುಕೊಂಡಾಳು? ಕಸ್ತೂರಿಯೂ ಬಹುಶಃ ಹೀಗೆಯೇ ಲೆಕ್ಕ ಹಾಕಿರಬೇಕು: ತಾಯಿ ತಿಂದು ತಾನು ಬಿಟ್ಟರೆ, ಈಗಲೂ ಕೂಸಿಗೆ ಅಸಹ್ಯಪಡುತ್ತಾಳೆ ಎಂದಾರು. ಒಬ್ಬರನ್ನೊಬ್ಬರು ನೋಡಿಕೊಂಡರು. ಇಬ್ಬರೂ ಒಟ್ಟಿಗೇ ಬಾಯಿಗೆ ಹಾಕಿಕೊಂಡರು. ಹಣ್ಣು ಸಿಹಿಯಾಗಿತ್ತು. ದಾಕ್ಷಾಯಿಣಿಗೆ ಈ ಸಲ ಅಳುವನ್ನು ತಡೆಯಲಾಗಲಿಲ್ಲ, ಸೆರಗಿನಿಂದ ಮುಖ ಒರೆಸಿಕೊಂಡು ಔಷಧಿಯ ಮುಚ್ಚಳ ತಿರುವಿದಳು.

ಆಮೇಲೆ ಮಾತ್ರ ಇಬ್ಬರೂ ನಿಯಮದ ಕೂದಲೂ ಕೊಂಕಲು ಬಿಡಲಿಲ್ಲ. ಅಡುಗೆಮನೆಯಲ್ಲಿ ಬಾಯಿಗೆ ಬಟ್ಟೆ ಕಟ್ಟಿಕೊಂಡೇ ಮಾತಾಡಿದರು. ಮಾತಂತೂ ಎರಡು ವರ್ಷದ್ದು ಬಾಕಿಯಿತ್ತು. ಅಣ್ಣ ತಮ್ಮಂದಿರು ಎಲೆ ಅಡಿಕೆ ಇಲ್ಲದೆ ಚಡಪಡಿಸುತ್ತ, ಈ ಹೆಂಗಸರು ಜಗಳವಾಡುತ್ತಿದ್ದಾಗಲೇ ಮನೆ ನಿಶ್ಶಬ್ದವಾಗಿತ್ತು ಎಂದು ಗೊಣಗಿದರು.

ಔಷಧಿ ಮುಗಿದ ಮೇಲಿನ ಸೋಮವಾರ ಆರು ಜನರೂ ಮತ್ತೆ ಕನ್ನಡಿಯ ಮುಂದೆ ನಿಂತರು. ಇಂಚರಾ "ಹಾ" ಎಂದಳು. ಹಸಿರು. ಸಮರ್ಥ, ಶಂಭು, ಮಲ್ಲೇಶ, ಮೂವರೂ ಹಸಿರು. ಇನಾಮತಿಯವರು ಚಪ್ಪಾಳೆ ತಟ್ಟಿದರು. ಹೆಂಗಸರಿಬ್ಬರದೂ ಒಂದು ಶಾಸ್ತ್ರಕ್ಕೆ ಆಗಲಿ ಎಂದು ಅವರನ್ನೂ ನಿಲ್ಲಿಸಿದರು.

ಕೆಂಪು. ಮತ್ತೊಂದು ಕೆಂಪು.

ಇನಾಮತಿಯವರು ಗಾಜು ಒರೆಸಿ ಮತ್ತೆ ನೋಡಿದರು. ಜಾಡಿನ ಚಿತ್ರ ತೆರೆದರು. ಇಂಚರಾಳ ಚುಕ್ಕೆಯಿಂದ ಎರಡು ಹೊಸ ಎಳೆಗಳು ಕವಲೊಡೆದು, ಒಂದು ತಾಯಿಯ ಕಡೆಗೆ, ಒಂದು ದೊಡ್ಡವ್ವನ ಕಡೆಗೆ ಹೋಗಿದ್ದವು. "ಔಷಧ ಹೊಟ್ಟಿಗೆ ಬೀಳೂ ಮುಂಚಿನದು ಇದು," ಎಂದರು ಅವರು ನೋವಿನಿಂದ. "ಅಂದ್ರ ಮೊದಲನೇ ದಿನಾನ! ನಿಮ್ಮನ್ನ ಕಾವಲಿಗೆ ಇಟ್ಟಿದ್ದೆನಲ್ಲ ತಾಯಿ! ಎಂಜಲ ತಿಂದ್ರಿ ಏನು?"

"ಇಲ್ರಿ," ಎಂದಳು ದಾಕ್ಷಾಯಿಣಿ. "ಗುಬ್ಬಿ ಎಂಜಲ."

ಡಾಕ್ಟರು ಕುರ್ಚಿಯಲ್ಲಿ ಕುಸಿದು ಕೂತರು. ಅಲ್ಲಿಂದಲೇ ಇಂಚರಾಳನ್ನು ಹತ್ತಿರ ಕರೆದು ಮುಖವನ್ನೇ ನೋಡಿದರು. ಕಣ್ಣು ಪಿಳುಕಲಿಲ್ಲ. ಗಂಟಲಿನ ಸದ್ದು ಇರಲಿಲ್ಲ. ಭುಜ ಒಂದು ಸಲ ಮಾತ್ರ ಸಣ್ಣಗೆ ಅಲುಗಿತು.

"ಆಕೀದು ಕಡಿಮಿ ಆಗೇತಲ್ರಿ. ನಿಮ್ಮ ಔಷಧದಿಂದಾನ ಹೌದಲ್ರಿ?" ಎಂದು ಶಂಭು ಕೇಳಿದ.

ಇನಾಮತಿಯವರಿಗೆ ಹೌದು ಎನ್ನಲು ಬಹಳ ಆಸೆಯಾಯಿತು. ಆದರೆ ಅವರು ಕನ್ನಡಿ ಕಟ್ಟಿದ ಮನುಷ್ಯ, ಸುಳ್ಳು ಹೇಳುವ ಅಭ್ಯಾಸವಿರಲಿಲ್ಲ. "ಹೇಳ್ಲಿಕ್ಕೆ ಬರೂದಿಲ್ಲಪ್ಪಾ. ಗಂಟಲಾಣು ಹೋತು ಅಂತ ಇರಬಹುದು. ಹೆಂಗೂ ಹೋಗೂದು ಇತ್ತು, ಹೋತು ಅಂತಾನೂ ಇರಬಹುದು. ಮನ್ಯಾಗಿನ ಆ ಹಲಿಗಿ ಹೋದದ್ದಕ್ಕೂ ಇರಬಹುದು. ಮೂರೂ ಒಮ್ಮೆಲೇ ಮಾಡಿಬಿಟ್ರಿ. ನನಗ ಲೆಕ್ಕ ಹತ್ತದಂಗ ಮಾಡಿದ್ರಿ." ಅವರ ಎದುರಾಳಿ ವೈದ್ಯರು ಇನ್ನೂ ಕೆಲವು ವರ್ಷ ನಗಬಹುದಾಗಿತ್ತು.

ಆಮೇಲೆ ಅವರಿಗೆ ನಿಯಮ ನೆನಪಾಯಿತು. ತಾವೇ ಮಾಡಿದ್ದು, ಮೀರುವಂತಿಲ್ಲ. ಔಷಧಿ ಬರೆದುಕೊಡುವ ತನಕ ಕೆಂಪಿನವರು ಬೇರೆ ಕೂರಬೇಕು. ಅವರು ಸಂಕೋಚದಿಂದ ವರಾಂಡದ ಕಡೆ ಕೈ ತೋರಿಸಿದರು.

ದಾಕ್ಷಾಯಿಣಿ, ಕಸ್ತೂರಿ ಹೋಗಿ ಕೆಂಪು ಬೆಂಚಿನ ಮೇಲೆ ಕೂತರು. ಇಬ್ಬರಿಗೂ ಸರಿಯಾಗಿ ಸಾಲುವಷ್ಟು ಜಾಗವಿತ್ತು. ಕಿಟಕಿಯ ಒಳಗೆ ಇಂಚರಾ ನಡುವಿನ ಸಾಲಿನಲ್ಲಿ ಇಬ್ಬರು ಹುಡುಗಿಯರ ಮಧ್ಯೆ ತೂರಿಕೊಂಡು ಕೂರುತ್ತಿದ್ದಳು. ಹೊರಗೆ ಕೂತ ಅವ್ವನನ್ನೂ ದೊಡ್ಡವ್ವನನ್ನೂ ನೋಡಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಈ ಬೆಂಚಿನ ಮೇಲೆ ಮಗಳು ಒಬ್ಬಳೇ ಕೂತು ಇದೇ ಕಿಟಕಿಯನ್ನು ನೋಡಿದ್ದು ದಾಕ್ಷಾಯಿಣಿಗೆ ನೆನಪಾಯಿತು. ಆದರೂ ನಗು ಬಂತು.

ಕಸ್ತೂರಿ ಕೈಚೀಲದಿಂದ ಒಂದು ಪೇರಲ ಹಣ್ಣು ತೆಗೆದಳು. ರೂಢಿಯಂತೆ ಅದನ್ನು ಸೆರಗಿನ ತುದಿಯಲ್ಲಿ ಸುತ್ತಲು ಹೋಗಿ, ಏನೋ ಹೊಳೆದು ಕೈ ತಡೆದಳು.

"ಇಬ್ಬರೂ ಕೆಂಪನ ಅದೀವಿ," ಎಂದಳು. "ಇನ್ನ ಅರಿವಿ ಯಾಕ?"

ಸೆರಗನ್ನು ಬಿಟ್ಟು, ಹಣ್ಣನ್ನು ಹಾಗೆಯೇ ಕಚ್ಚಿ, ಉಳಿದದ್ದನ್ನು ದಾಕ್ಷಾಯಿಣಿಯ ಕೈಗಿಟ್ಟಳು.